ಲಗಾಶ್ ಗ್ರಹದ ಅಜ್ಜಿ

ನಾನು ಮೊದಲು ಮೆಚ್ಚಿದ ವಿಜ್ಞಾನ ಕಥೆಯನ್ನು ಓದಿರಲಿಲ್ಲ, ಕೇಳಿದ್ದೆ. ಸಾಗರ ತಾಲ್ಲೂಕಿನ ಅಜ್ಜನ ಮನೆಯಲ್ಲಿ ಅಡಿಕೆ ಸುಲಿಯುವ ದಿನಗಳು. ರಾತ್ರಿ ಊಟ ಮುಗಿಸಿ ಎಲ್ಲರೂ ಅಂಗಳದಲ್ಲಿ ಮೆಟ್ಟುಗತ್ತಿಗಳ ಮುಂದೆ ಕುಳಿತಿದ್ದಾಗ ಕರೆಂಟು ಹೋಯಿತು. ಯಾರೋ ಲಾಟೀನು ಹುಡುಕಲು ಒಳಗೆ ಹೋದರು. ಅಷ್ಟರಲ್ಲಿ ಮಕ್ಕಳ ಗಲಾಟೆ ಏರದಿರಲೆಂದು ಸೋದರಮಾವ ಒಂದು ಕಥೆ ತೆಗೆದರು. ಅವರು ಧಾರವಾಡದಲ್ಲಿ ಬಿ.ಎಸ್ಸಿ. ಮುಗಿಸಿ ತೋಟ ನೋಡಿಕೊಳ್ಳಲು ಊರಿಗೆ ಮರಳಿದವರು. ಅವರ ಟ್ರಂಕಿನಲ್ಲಿ ಫುಟ್‌ಪಾತಿನಲ್ಲಿ ಕೊಂಡ ಇಂಗ್ಲಿಷ್ ಪುಸ್ತಕಗಳಿದ್ದವು. ಆ ಮನೆಯಲ್ಲಿ ಅವುಗಳನ್ನು ಓದುತ್ತಿದ್ದವರು ಅವರೊಬ್ಬರೇ.

ಲಗಾಶ್ ಎಂಬ ಲೋಕ, ಅದಕ್ಕೆ ಆರು ಸೂರ್ಯರು. ಒಬ್ಬ ಮುಳುಗುವ ಹೊತ್ತಿಗೆ ಇನ್ನೊಬ್ಬ ಹುಟ್ಟಿರುತ್ತಾನಾದ್ದರಿಂದ ಅಲ್ಲಿನ ಜನಕ್ಕೆ ರಾತ್ರಿ ಎಂದರೇನೆಂದೇ ಗೊತ್ತಿಲ್ಲ. 2049 ವರ್ಷಗಳಿಗೊಮ್ಮೆ ಮಾತ್ರ, ಬಾನಿನಲ್ಲಿ ಒಬ್ಬನೇ ಸೂರ್ಯ ಉಳಿದಿರುವಾಗ, ಯಾರ ಕಣ್ಣಿಗೂ ಬೀಳದ ಒಂದು ಉಪಗ್ರಹ ಅಡ್ಡ ಬಂದು ಅವನನ್ನು ಮುಚ್ಚುತ್ತದೆ. ಕತ್ತಲೆಯನ್ನೇ ಕಾಣದ ಜನ ಬೆಳಕಿಗಾಗಿ ಹುಚ್ಚೆದ್ದು ತಮ್ಮ ಊರಿಗೆ ತಾವೇ ಬೆಂಕಿ ಇಡುತ್ತಾರೆ. ಮೊದಲೇ ಲೆಕ್ಕ ಹಾಕಿದ್ದ ವಿಜ್ಞಾನಿಗಳು ವೀಕ್ಷಣಾಲಯದಲ್ಲಿ ಸೂಡಿ ಹಚ್ಚಿಕೊಂಡು ಕುಳಿತಿರುತ್ತಾರೆ. ನಕ್ಷತ್ರಗಳು ಕಂಡ ಕ್ಷಣ ಅವರ ಧೈರ್ಯವೂ ಮುರಿಯುತ್ತದೆ. ಆ ಗದ್ದಲದ ನಡುವೆ ಒಬ್ಬ ಅಜ್ಜಿ ಮಾತ್ರ ಬಾಗಿಲು ತೆರೆದು ಅಂಗಳಕ್ಕೆ ಬರುತ್ತಾಳೆ, ತಲೆಯೆತ್ತಿ ನೋಡುತ್ತಾಳೆ, ಒಂದು, ಎರಡು, ಮೂರು ಎಂದು ನಕ್ಷತ್ರಗಳನ್ನು ಎಣಿಸತೊಡಗುತ್ತಾಳೆ. ಮಾವ ಅಲ್ಲಿಗೆ ನಿಲ್ಲಿಸಿದರು. ಲಾಟೀನು ಬಂದಿತ್ತು, ಆದರೆ ಅದನ್ನು ಕೆಳಗಿಡುವುದು ಬೇಡವೆಂದು ಮಕ್ಕಳೇ ಹೇಳಿದೆವು. ನಮಗೆ ಮೇಲೆ ನೋಡಬೇಕಿತ್ತು.

ಐಸಾಕ್ ಅಸಿಮೋವ್ ‘ನೈಟ್‌ಫಾಲ್’ ಎಂಬ ಆ ಕಥೆಯನ್ನು ಬರೆದಾಗ ಅವರಿಗೆ ಇಪ್ಪತ್ತೊಂದು ವರ್ಷ. ಅದು 1941ರ ಸೆಪ್ಟೆಂಬರಿನಲ್ಲಿ ‘ಅಸ್ಟೌಂಡಿಂಗ್’ ಪತ್ರಿಕೆಯಲ್ಲಿ ಅಚ್ಚಾಯಿತು. ಇವೆಲ್ಲ ನನಗೆ ತಿಳಿದದ್ದು ಕಾಲೇಜಿಗೆ ಮೈಸೂರಿಗೆ ಬಂದು ಮೂಲವನ್ನು ಹುಡುಕಿ ಓದಿದ ಮೇಲೆ. ಓದುತ್ತ ಕೊನೆಯ ಪುಟಕ್ಕೆ ಬಂದೆ. ಊರು ಉರಿಯಿತು, ದೀರ್ಘ ರಾತ್ರಿ ಮರಳಿತು, ಕಥೆ ಮುಗಿಯಿತು. ಅಜ್ಜಿ ಬರಲಿಲ್ಲ. ಬೇರೆ ಸಂಕಲನದಲ್ಲಿ ಇರಬಹುದೆಂದು ಇನ್ನೊಂದು ಪ್ರತಿ ನೋಡಿದೆ, ಅದರಲ್ಲಿಯೂ ಇರಲಿಲ್ಲ. ಹತ್ತು ವರ್ಷ ಜಗತ್ತಿನ ಅತ್ಯುತ್ತಮ ಕಥೆಯೆಂದು ಎಲ್ಲರೆದುರು ಹೇಳಿಕೊಂಡು ಬಂದಿದ್ದ ನನಗೆ ಅದರಲ್ಲಿ ಅತಿ ಪ್ರಿಯವಾಗಿದ್ದ ಭಾಗ ಕಥೆಗಾರರದ್ದೇ ಅಲ್ಲವೆಂದು ಗೊತ್ತಾದಾಗ ನಿಜವಾಗಿಯೂ ದುಃಖವಾಯಿತು.

ಆ ದುಃಖ ಈಗ ಉಳಿದಿಲ್ಲ. ಅದು ಕರಗಿದ್ದು ನಾವು ಏಳು ಜನ ತಿಂಗಳ ಕೊನೆಯ ಭಾನುವಾರ ಸರಸ್ವತಿಪುರದ ಒಂದು ಮನೆಯಲ್ಲಿ ಸೇರತೊಡಗಿದ ಮೇಲೆ. ನಮ್ಮಲ್ಲಿ ಒಬ್ಬರು ಭೌತಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು, ಒಬ್ಬರು ಬ್ಯಾಂಕಿನಲ್ಲಿ ಕೆಲಸ ಮಾಡುವವರು, ಒಬ್ಬ ಎಂಜಿನಿಯರಿಂಗ್ ವಿದ್ಯಾರ್ಥಿ. ಉಳಿದವರೂ ಹೀಗೆಯೇ ಬೇರೆಬೇರೆ ಕಡೆಯವರು. ಪ್ರತಿ ಸಲ ಒಬ್ಬರು ತಮಗೆ ಪ್ರಿಯವಾದ ಒಂದು ವಿಜ್ಞಾನ ಕಾದಂಬರಿ, ಚಲನಚಿತ್ರ ಅಥವಾ ಸರಣಿಯನ್ನು ಉಳಿದವರಿಗೆ ಒಪ್ಪಿಸಬೇಕು. ನಿಯಮ ಒಂದೇ: ಕನ್ನಡದಲ್ಲಿ, ಬಾಯಿಮಾತಿನಲ್ಲಿ, ಪುಸ್ತಕ ತೆರೆಯದೆ ಹೇಳಬೇಕು. ಈ ನಿಯಮ ಸಿದ್ಧಾಂತದಿಂದ ಹುಟ್ಟಿದ್ದಲ್ಲ. ನಮ್ಮಲ್ಲಿ ಇಬ್ಬರಿಗೆ ಇಂಗ್ಲಿಷ್ ಕಾದಂಬರಿ ಓದುವುದು ಶ್ರಮದ ಕೆಲಸ, ನಮಗೆ ಬೇಕಾದ ಪುಸ್ತಕಗಳಲ್ಲಿ ಹೆಚ್ಚಿನವು ಕನ್ನಡದಲ್ಲಿಲ್ಲ. ಬೇರೆ ದಾರಿಯೇ ಇರಲಿಲ್ಲ. ಆದರೆ ‘ನನ್ನ ಅಚ್ಚುಮೆಚ್ಚಿನ ಹತ್ತು’ ಎಂಬ ಪಟ್ಟಿಗಳಿಂದ ನನಗೆಂದೂ ಸಿಗದಿದ್ದದ್ದು ಈ ದಾರಿಯಲ್ಲಿ ಸಿಕ್ಕಿತು. ಪಟ್ಟಿಗೆ ಹೆಸರು ಸೇರಿಸಲು ಪುಸ್ತಕವನ್ನು ಮೆಚ್ಚಿದ್ದರೆ ಸಾಕು, ಆದರೆ ಅದನ್ನು ಹೇಳಿ ಮುಗಿಸಲು ನಾವೇಕೆ ಮೆಚ್ಚಿದೆವೆಂಬುದು ನಮಗೇ ಗೊತ್ತಿರಬೇಕಾಗುತ್ತದೆ.

ವಿಜ್ಞಾನ ಕಥೆಗಳ ಓದುಗರು ಪರಸ್ಪರ ಕೈಚಾಚಿದ್ದು ಮೊದಲಿನಿಂದಲೂ ಅಗತ್ಯದಿಂದಲೇ. ಹ್ಯೂಗೋ ಗರ್ನ್ಸ್‌ಬ್ಯಾಕ್ 1926ರ ಏಪ್ರಿಲಿನಲ್ಲಿ ನ್ಯೂಯಾರ್ಕಿನಿಂದ ‘ಅಮೇಜಿಂಗ್ ಸ್ಟೋರೀಸ್’ ಹೊರತಂದರು. ಅದರ ಓದುಗರ ಪತ್ರಗಳ ಅಂಕಣದಲ್ಲಿ ಬರೆದವರ ವಿಳಾಸವೂ ಅಚ್ಚಾಗತೊಡಗಿದ್ದರಿಂದ, ತಮ್ಮ ಊರಿನಲ್ಲಿ ಇಂಥ ಕಥೆ ಓದುವವರು ತಾವೊಬ್ಬರೇ ಎಂದುಕೊಂಡಿದ್ದವರು ಒಬ್ಬರಿಗೊಬ್ಬರು ನೇರವಾಗಿ ಬರೆದುಕೊಂಡರು. ಆ ಪತ್ರಗಳಿಂದ ಸಂಘಗಳು, ಸಂಘಗಳಿಂದ ಕೈಬರಹದ ಮತ್ತು ಸೈಕ್ಲೋಸ್ಟೈಲ್ ಪತ್ರಿಕೆಗಳು ಹುಟ್ಟಿ, 1939ರ ಜುಲೈನಲ್ಲಿ ನ್ಯೂಯಾರ್ಕಿನಲ್ಲಿ ಸುಮಾರು ಇನ್ನೂರು ಜನ ಸೇರಿದ ಮೊದಲ ವಿಶ್ವ ಸಮ್ಮೇಳನ ನಡೆಯಿತು. ನಮಗೆ ಹತ್ತಿರದ ಮಾದರಿ ಕೋಲ್ಕತ್ತಾದ್ದು. ಅದ್ರೀಶ್ ಬರ್ಧನ್ ಅಲ್ಲಿ 1963ರಲ್ಲಿ ‘ಆಶ್ಚರ್ಯ’ ಎಂಬ ಬಂಗಾಳಿ ಪತ್ರಿಕೆ ಆರಂಭಿಸಿದರು. 1966ರಲ್ಲಿ ವಿಜ್ಞಾನ ಚಿತ್ರಗಳನ್ನು ಒಟ್ಟಿಗೆ ನೋಡಲೆಂದೇ ಒಂದು ಸಿನಿಮಾ ಕ್ಲಬ್ ಕಟ್ಟಿದಾಗ ಸತ್ಯಜಿತ್ ರಾಯ್ ಅದರ ಅಧ್ಯಕ್ಷರಾದರು.

ನಮ್ಮ ಕೂಟದಲ್ಲಿ ಮೊದಲು ಜಗಳವೆದ್ದದ್ದು ಒಂದು ಹೆಸರಿಗಾಗಿ. ಬ್ಯಾಂಕಿನವರು ಸ್ತಾನಿಸ್ವಾವ್ ಲೆಮ್ ಅವರ ‘ಸೊಲಾರಿಸ್’ ಹೇಳುತ್ತಿದ್ದರು: ಇಡೀ ಗ್ರಹವನ್ನು ಆವರಿಸಿದ ಒಂದು ಸಾಗರ, ಅದು ಜೀವಿಯೋ ಅಲ್ಲವೋ ಎಂದು ತಲೆಮಾರುಗಟ್ಟಲೆ ಚರ್ಚಿಸಿ ಸೋತ ವಿಜ್ಞಾನ, ಸಂಶೋಧನಾ ನಿಲ್ದಾಣಕ್ಕೆ ಬಂದಿಳಿದ ಮನುಷ್ಯನ ಮುಂದೆ ತೀರಿಹೋದ ಹೆಂಡತಿಯನ್ನು ತಂದು ನಿಲ್ಲಿಸುವ ಆ ಸಾಗರದ ಅರ್ಥವಾಗದ ವರ್ತನೆ. ಅವರು ಆ ಹೆಂಡತಿಯನ್ನು ರೇಯಾ ಎಂದರು. ತಾರ್ಕೋವ್‌ಸ್ಕಿಯ 1972ರ ಚಿತ್ರ ನೋಡಿದ್ದ ಇನ್ನೊಬ್ಬರು ಅವಳ ಹೆಸರು ಹಾರಿ ಎಂದು ಪಟ್ಟುಹಿಡಿದರು. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ. 1961ರ ಪೋಲಿಷ್ ಮೂಲದಲ್ಲಿ ಅವಳು ಹಾರೆಯ್. 1970ರ ಇಂಗ್ಲಿಷ್ ಅನುವಾದ ಬಂದದ್ದು ಪೋಲಿಷ್‌ನಿಂದಲ್ಲ, ಫ್ರೆಂಚ್ ಅನುವಾದದಿಂದ. ಆ ಇಂಗ್ಲಿಷಿನಲ್ಲಿ ಅವಳ ಹೆಸರಿನ ಅಕ್ಷರಗಳು ಅದಲುಬದಲಾಗಿ ರೇಯಾ ಆಯಿತು. ಇಂಗ್ಲಿಷ್ ಬಲ್ಲ ಲೆಮ್ ಅವರಿಗೆ ಆ ಅನುವಾದ ಹಿಡಿಸಿರಲಿಲ್ಲ. ಪೋಲಿಷ್‌ನಿಂದ ನೇರ ಇಂಗ್ಲಿಷ್ ಅನುವಾದ ಬರಲು 2011ರವರೆಗೆ ಕಾಯಬೇಕಾಯಿತು, ಅಷ್ಟರಲ್ಲಿ ಅವರು ತೀರಿಕೊಂಡು ಐದು ವರ್ಷವಾಗಿತ್ತು. ಅಂದರೆ ಅರ್ಧ ಜಗತ್ತು ಮೆಚ್ಚಿ ಹಂಚಿಕೊಂಡ ಆ ಕಾದಂಬರಿ ಎರಡು ಭಾಷೆ ದಾಟಿ ಬಂದದ್ದು. ನಮ್ಮ ಕೋಣೆಯಲ್ಲಿ ಅದು ಮೂರನೆಯದನ್ನು ದಾಟುತ್ತಿತ್ತು. ಇಷ್ಟಾದರೂ, ಸಾಗರ ಕಳಿಸಿದ ಆ ಹೆಣ್ಣಿಗೆ ತಾನು ನಿಜವಾದವಳಲ್ಲವೆಂದು ಮೆಲ್ಲನೆ ಅರಿವಾಗುವ ಭಾಗ ಬಂದಾಗ ನಾವೆಲ್ಲ ಮಾತು ನಿಲ್ಲಿಸಿದ್ದೆವು. ಹೆಸರಿನ ಜಗಳ ಆ ಸಂಜೆ ಮತ್ತೆ ಏಳಲಿಲ್ಲ.

ನನ್ನ ಸರದಿಗೆ ನಾನು ಆರಿಸಿಕೊಂಡದ್ದು ಅರ್ಸುಲಾ ಲೆ ಗ್ವಿನ್ ಅವರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’. 1969ರ ಈ ಕಾದಂಬರಿಯ ಗೆಥೆನ್ ಎಂಬ ಹಿಮಗ್ರಹದ ಜನ ತಿಂಗಳಿನ ಹೆಚ್ಚಿನ ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವೇ ದಿನ ಇವೆರಡರಲ್ಲಿ ಒಂದಾಗುತ್ತಾರೆ, ಯಾವುದಾಗುತ್ತಾರೆಂಬುದು ಮೊದಲೇ ತಿಳಿಯುವುದಿಲ್ಲ. ಒಂದೇ ಜೀವ ಕೆಲವು ಮಕ್ಕಳಿಗೆ ತಾಯಿ, ಇನ್ನು ಕೆಲವರಿಗೆ ತಂದೆ. ಇಂಥವರನ್ನು ಇಂಗ್ಲಿಷಿನಲ್ಲಿ ಯಾವ ಸರ್ವನಾಮದಿಂದ ಕರೆಯುವುದು? ಲೆ ಗ್ವಿನ್ ಪುಲ್ಲಿಂಗವನ್ನೇ ಬಳಸಿದರು. ಆಕ್ಷೇಪಗಳು ಬಂದವು. 1976ರ ಒಂದು ಪ್ರಬಂಧದಲ್ಲಿ ಅವರು ತಮ್ಮ ಆಯ್ಕೆಯನ್ನು ಸಮರ್ಥಿಸಿಕೊಂಡರು; ವರ್ಷಗಳ ಬಳಿಕ ಅದೇ ಪ್ರಬಂಧಕ್ಕೆ ಟಿಪ್ಪಣಿಗಳನ್ನು ಸೇರಿಸಿ, ತಮ್ಮ ಮನಸ್ಸು ಬದಲಾಗಿದೆಯೆಂದು ಬಹಿರಂಗವಾಗಿ ಒಪ್ಪಿಕೊಂಡರು. ತನ್ನ ಅತಿ ಪ್ರಸಿದ್ಧ ಕೃತಿಯ ಬಗ್ಗೆ ಹಾಗೆ ಒಪ್ಪಿಕೊಂಡ ಲೇಖಕಿಯ ಮೇಲೆ ನನಗಿರುವ ಗೌರವ ದೊಡ್ಡದು.

ಹೇಳತೊಡಗಿದ ಮೇಲೆ ನನಗೆ ಅಚ್ಚರಿಯಾದದ್ದು, ಇಂಗ್ಲಿಷಿನಲ್ಲಿ ಅಷ್ಟು ಚರ್ಚೆಗೆ ಕಾರಣವಾದ ಆ ತೊಡಕು ಕನ್ನಡದಲ್ಲಿ ಸದ್ದಿಲ್ಲದೆ ಬಿಡಿಸಿಕೊಂಡದ್ದು. ನಾಯಕಪಾತ್ರವಾದ ಎಸ್ಟ್ರಾವೆನ್ ಒಂದು ರಾಜ್ಯದ ಪ್ರಧಾನಿ; ನಾನು ಸಹಜವಾಗಿಯೇ ‘ಅವರು’ ಎಂದೆ. ಎಸ್ಟ್ರಾವೆನ್ ಬಂದರು, ಕುಳಿತರು, ಗಡಿಪಾರಾದರು. ಅರ್ಧ ಗಂಟೆ ಕಳೆದರೂ ಆ ವ್ಯಕ್ತಿ ಗಂಡೋ ಹೆಣ್ಣೋ ಎಂಬುದನ್ನು ನನ್ನ ಕ್ರಿಯಾಪದಗಳು ಬಿಟ್ಟುಕೊಡಲಿಲ್ಲ, ಯಾರಿಗೂ ಅದು ಕೊರತೆಯೆಂದು ಅನ್ನಿಸಲೂ ಇಲ್ಲ. ಕಾದಂಬರಿಯ ಪ್ರಸಿದ್ಧ ಸುದ್ದಿಯನ್ನು, ಅಂದರೆ ಅರಸರು ಬಸುರಾಗಿದ್ದಾರೆಂಬುದನ್ನು, ನಾನು ಹೇಳಿದಾಗ ಒಂದು ಕ್ಷಣ ಎಲ್ಲರೂ ಸುಮ್ಮನಾದರು. ಆಮೇಲೆ ಮೇಷ್ಟ್ರು, “ಯುವನಾಶ್ವ ಮಾಂಧಾತನನ್ನು ಹೆತ್ತಿರಲಿಲ್ಲವೇ?” ಎಂದರು. ಮಂತ್ರಿಸಿದ ನೀರನ್ನು ಅರಿಯದೆ ಕುಡಿದು ಗರ್ಭ ಧರಿಸಿದ ದೊರೆಯ ಕಥೆ ಮಹಾಭಾರತದಲ್ಲಿದೆ. ನಾನು ಆ ಕಾದಂಬರಿಯನ್ನು ನಾಲ್ಕು ಬಾರಿ ಓದಿದ್ದರೂ ಯುವನಾಶ್ವ ಒಮ್ಮೆಯೂ ನೆನಪಾಗಿರಲಿಲ್ಲ.

ಆದರೆ ‘ಅವರು’ ಎಂಬುದಕ್ಕೂ ಒಂದು ಬೆಲೆಯಿದೆ. ಅದು ಲಿಂಗವನ್ನು ಮರೆಸುತ್ತದೆ, ಜೊತೆಗೆ ವ್ಯಕ್ತಿಯನ್ನು ಗೌರವದ ದೂರಕ್ಕೆ ಸರಿಸುತ್ತದೆ. ಕಾದಂಬರಿಯ ಕೊನೆಯ ಭಾಗದಲ್ಲಿ ಎಸ್ಟ್ರಾವೆನ್ ಮತ್ತು ನಮ್ಮ ಭೂಮಿಯಿಂದ ಬಂದ ರಾಯಭಾರಿ ಗೆನ್ಲಿ ಐ ಇಬ್ಬರೇ ಜಾರುಬಂಡಿ ಎಳೆದುಕೊಂಡು ವಾರಗಟ್ಟಲೆ ಹಿಮನದಿಯನ್ನು ದಾಟುತ್ತಾರೆ. ಒಂದೇ ಗುಡಾರ, ಒಂದೇ ಒಲೆ, ಅಳೆದು ತಿನ್ನುವ ಅನ್ನ. ಅಲ್ಲಿ ಅವರಿಬ್ಬರ ನಡುವಿನ ಅಪನಂಬಿಕೆ ಕರಗಬೇಕು. ‘ಅವರು’ ಎಂಬ ಮಾತು ಗುಡಾರದೊಳಗೆ ಮೂರನೆಯ ವ್ಯಕ್ತಿಯಂತೆ ಅಡ್ಡ ಕುಳಿತಿತ್ತು. ‘ಅವನು’ ಎಂದರೆ ಲೆ ಗ್ವಿನ್ ಪಶ್ಚಾತ್ತಾಪಪಟ್ಟ ತಪ್ಪನ್ನೇ ನಾನು ಮಾಡಿದಂತೆ, ‘ಅವಳು’ ಎಂದರೆ ಅದರ ಮಗುಚು, ‘ಅದು’ ಎನ್ನಲು ನಾಲಿಗೆ ಏಳುವುದಿಲ್ಲ. ಹೇಳುವುದನ್ನು ನಿಲ್ಲಿಸಿ ಒಂದು ಲೋಟ ನೀರು ಕುಡಿದೆ. ಆಮೇಲೆ ಅವರಿಬ್ಬರ ಬಗ್ಗೆ ಹೇಳುವುದನ್ನು ಬಿಟ್ಟು ಅವರ ಮಾತನ್ನೇ ಆಡಿದೆ. ಮೊದಮೊದಲು ಅವರು ಒಬ್ಬರನ್ನೊಬ್ಬರು ‘ನೀವು’ ಎನ್ನುತ್ತಿದ್ದರು. ಹಿಮದ ನಡುವೆ ಒಂದು ರಾತ್ರಿ ಅದು ‘ನೀನು’ ಆಯಿತು. ನಮ್ಮ ‘ನೀನು’ವಿಗೆ ಲಿಂಗವಿಲ್ಲ, ದೂರವೂ ಇಲ್ಲ.

ಅದು ನನ್ನ ಜಾಣತನವಲ್ಲ, ಚಿಕ್ಕಂದಿನಲ್ಲಿ ಕೇಳಿದ ತಾಳಮದ್ದಳೆಗಳಿಂದ ಬಂದದ್ದು. ವೇಷವಿಲ್ಲ, ಕುಣಿತವಿಲ್ಲ, ಪಂಚೆಯುಟ್ಟ ನಾಲ್ಕಾರು ಜನ ಎದುರುಬದುರು ಕುಳಿತು, ಭಾಗವತರು ಪದ ಮುಗಿಸಿದೊಡನೆ ಒಬ್ಬರು ಕರ್ಣನಾಗಿ, ಇನ್ನೊಬ್ಬರು ಕೃಷ್ಣನಾಗಿ ವಾದಕ್ಕಿಳಿಯುತ್ತಾರೆ. ಕರ್ಣ ಸಾಯುತ್ತಾನೆಂಬುದು ಸೇರಿದ ಪ್ರತಿಯೊಬ್ಬರಿಗೂ ಗೊತ್ತು, ಆದರೂ ಬೆಳಗಿನ ಜಾವದವರೆಗೆ ಯಾರೂ ಏಳುವುದಿಲ್ಲ. ಈ ಹಿನ್ನೆಲೆಯಿಂದ ಬಂದ ನನಗೆ, ಕೊನೆಯನ್ನು ಮೊದಲೇ ಹೇಳಿಬಿಟ್ಟರೆಂದು ಸಿಟ್ಟಾಗುವವರ ಸಂಕಟ ಅರ್ಥವಾಗುತ್ತದೆಯಾದರೂ ಅದನ್ನು ಪೂರ್ತಿ ಹಂಚಿಕೊಳ್ಳಲಾರೆ. ನಮ್ಮಲ್ಲಿ ಕೊನೆ ಹೇಳಬೇಕೋ ಬೇಡವೋ ಎಂಬುದನ್ನು ಹೇಳುವವರಿಗೇ ಬಿಟ್ಟಿದ್ದೇವೆ. ಚೀನಾದ ಲಿಯು ತ್ಸಿಶಿನ್ ಅವರ ‘ತ್ರೀ ಬಾಡಿ ಪ್ರಾಬ್ಲಂ’ ಹೇಳಿದವರು ಸಾಂಸ್ಕೃತಿಕ ಕ್ರಾಂತಿಯಲ್ಲಿ ಪ್ರಾಧ್ಯಾಪಕರೊಬ್ಬರನ್ನು ಎಲ್ಲರೆದುರು ಹೊಡೆದು ಕೊಲ್ಲುವ ದೃಶ್ಯದಿಂದ ಆರಂಭಿಸಿದರು. ಚೀನೀ ಭಾಷೆಯ ಪುಸ್ತಕದಲ್ಲಿ ಅದು ಕಥೆಯ ನಡುವೆ ಬರುತ್ತದೆ, ಕೆನ್ ಲಿಯು ಅವರ 2014ರ ಇಂಗ್ಲಿಷ್ ಅನುವಾದ ಲೇಖಕರ ಒಪ್ಪಿಗೆಯಿಂದ ಅದನ್ನು ಮೊದಲಿಗೆ ತಂದಿತು. ಹಾಗಾಗಿ ಎಲ್ಲಿಂದ ಆರಂಭಿಸಬೇಕೆಂಬ ಪ್ರಶ್ನೆ ನಮ್ಮಂಥ ಬಾಯಿಮಾತಿನವರದ್ದಷ್ಟೇ ಅಲ್ಲ.

ಮೇಷ್ಟ್ರು ಒಂದು ಬಳೆ ಮತ್ತು ನಿಂಬೆಹಣ್ಣು ತಂದ ಸಂಜೆಯನ್ನು ಇಲ್ಲಿ ಬಿಡಲಾರೆ. ನಿಂಬೆಹಣ್ಣು ಸೂರ್ಯ, ಅದನ್ನು ಸುತ್ತುವರಿದ ಬಳೆಯ ಒಳಮೈಯಲ್ಲಿ ಕಾಡು, ಕಡಲು, ಊರುಗಳು. ಲ್ಯಾರಿ ನಿವೆನ್ ಅವರ 1970ರ ‘ರಿಂಗ್‌ವರ್ಲ್ಡ್’ ಕಾದಂಬರಿಯ ಲೋಕ ಅದು. ಮರುವರ್ಷ ಬಾಸ್ಟನ್‌ನಲ್ಲಿ ನಡೆದ ವಿಶ್ವ ಸಮ್ಮೇಳನದಲ್ಲಿ ಎಂ.ಐ.ಟಿ.ಯ ವಿದ್ಯಾರ್ಥಿಗಳು ಆ ಬಳೆಲೋಕ ಸ್ಥಿರವಲ್ಲವೆಂದು ಹೋಟೆಲಿನ ಮೊಗಸಾಲೆಗಳಲ್ಲಿ ಕೂಗುತ್ತ ಸಾಗಿದರು. ಮೇಷ್ಟ್ರು ಬಳೆಯನ್ನು ಒಂದಿಷ್ಟು ಸರಿಸಿ ತೋರಿಸಿದರು: ಹತ್ತಿರ ಬಂದ ಬದಿಯನ್ನು ಸೂರ್ಯ ಇನ್ನೂ ಬಲವಾಗಿ ಸೆಳೆಯುತ್ತಾನೆ, ಮರಳಿ ನಡುವಿಗೆ ತಳ್ಳುವ ಬಲ ಯಾವುದೂ ಇಲ್ಲ, ಕೊನೆಗೆ ಬಳೆ ಸೂರ್ಯನಿಗೆ ಬಡಿಯುತ್ತದೆ. ನಿವೆನ್ ಆ ಕೂಗನ್ನು ತಳ್ಳಿಹಾಕಲಿಲ್ಲ. ಮುಂದಿನ ಕಾದಂಬರಿಯಲ್ಲಿ ಬಳೆಯ ಅಂಚಿಗೆ ಅದನ್ನು ಸ್ಥಿರವಾಗಿಡುವ ಎಂಜಿನುಗಳನ್ನು ಕೂರಿಸಿದರು, ಕಥೆಯನ್ನೂ ಆ ತೊಡಕಿನ ಸುತ್ತಲೇ ಕಟ್ಟಿದರು. ಅಂದರೆ ಆ ಎರಡನೆಯ ಪುಸ್ತಕದಲ್ಲಿ ಓದುಗರ ಪಾಲೂ ಇದೆ.

ಇನ್ನೂ ಹೃದಯ ಹಿಂಡುವ ಉದಾಹರಣೆ ಬ್ರಿಟನ್ನಿನ ‘ಡಾಕ್ಟರ್ ಹೂ’ ಸರಣಿಯದ್ದು. 1963ರಲ್ಲಿ ಆರಂಭವಾದ ಅದರ ಹಳೆಯ ಕಂತುಗಳ ಟೇಪುಗಳನ್ನು ಬಿ.ಬಿ.ಸಿ. ಆ ಕಾಲದ ರೂಢಿಯಂತೆ ಅಳಿಸಿ ಮರುಬಳಸಿತು; ಅರವತ್ತರ ದಶಕದ ಹಲವಾರು ಕಂತುಗಳ ದೃಶ್ಯ ಇಂದಿಗೂ ಸಿಕ್ಕಿಲ್ಲ. ಆದರೆ ಅವುಗಳ ಧ್ವನಿ ಪೂರ್ತಿಯಾಗಿ ಉಳಿದಿದೆ, ಏಕೆಂದರೆ ಪ್ರಸಾರದ ಹೊತ್ತಿನಲ್ಲಿ ಅಭಿಮಾನಿಗಳು ತಮ್ಮ ಮನೆಗಳಲ್ಲಿ ಅದನ್ನು ಟೇಪ್ ರೆಕಾರ್ಡರುಗಳಲ್ಲಿ ಹಿಡಿದಿಟ್ಟಿದ್ದರು.

ಕನ್ನಡದ್ದೇ ಕೃತಿಗಳಿಗೆ ಬಂದಾಗ ನಮ್ಮ ಚರ್ಚೆ ಬಿಸಿಯೇರುತ್ತದೆ, ಏಕೆಂದರೆ ಅಲ್ಲಿ ನಮಗೆ ಹೆಚ್ಚು ಬೇಕಾಗಿದೆ, ಇರುವುದು ಕಡಿಮೆ. ರಾಜಶೇಖರ ಭೂಸನೂರಮಠರ ಕಥೆಗಳನ್ನು ಮೇಷ್ಟ್ರು ಅಕ್ಕರೆಯಿಂದ ಹೇಳುತ್ತಾರೆ. ಬಾಳ ಫೋಂಡಕೆ ಸಂಪಾದಿಸಿ ನ್ಯಾಷನಲ್ ಬುಕ್ ಟ್ರಸ್ಟ್ 1993ರಲ್ಲಿ ಇಂಗ್ಲಿಷಿನಲ್ಲಿ ತಂದ ಭಾರತೀಯ ವಿಜ್ಞಾನ ಕಥೆಗಳ ಸಂಕಲನದಲ್ಲಿ ಅವರ ಕಥೆಯೂ ಇದೆ. ಎಸ್.ಎಲ್. ಭೈರಪ್ಪನವರ 2014ರ ‘ಯಾನ’, ಸೌರವ್ಯೂಹದಾಚೆಗೆ ಹೊರಟ ನೌಕೆಯಲ್ಲೇ ಹುಟ್ಟಿ ಬೆಳೆದ ಮಕ್ಕಳ ಕಾದಂಬರಿ, ನಮ್ಮನ್ನು ಎರಡು ಪಂಗಡ ಮಾಡಿತು. ವಿದ್ಯಾರ್ಥಿ ಹೇಳಿದ್ದು 2024ರ ‘ಬ್ಲಿಂಕ್’ ಚಿತ್ರವನ್ನು: ಕಣ್ಣು ಮಿಟುಕಿಸದೆ ಇರುವಷ್ಟು ಹೊತ್ತು ಮಾತ್ರ ಬೇರೊಂದು ಕಾಲದಲ್ಲಿ ಉಳಿಯಬಲ್ಲ ಯುವಕನ ಕಥೆ. ಅವನು ಹೇಳುತ್ತಿದ್ದಷ್ಟು ಹೊತ್ತೂ ನಾವು ಅರಿವಿಲ್ಲದೆ ಕಣ್ಣು ಅರಳಿಸಿಕೊಂಡಿದ್ದೆವು. ಶ್ರೀನಿಧಿ ಬೆಂಗಳೂರು ಅವರ ಆ ಚಿತ್ರವನ್ನು ನಾನು ಚಿತ್ರಮಂದಿರದಲ್ಲಿ ನೋಡಿದ್ದೂ ಯಾರೋ ಫೋನು ಮಾಡಿ, “ಮೊದಲು ಹೋಗಿ ನೋಡಿ, ಆಮೇಲೆ ಮಾತಾಡೋಣ” ಎಂದದ್ದರಿಂದ.

ತೇಜಸ್ವಿಯವರ ‘ಕರ್ವಾಲೊ’ ವಿಜ್ಞಾನ ಕಥೆಯೇ ಎಂಬ ಪ್ರಶ್ನೆ ಇನ್ನೂ ಮುಗಿದಿಲ್ಲ. ಹಾರುವ ಓತಿ ಪಶ್ಚಿಮ ಘಟ್ಟದಲ್ಲಿ ನಿಜಕ್ಕೂ ಇದೆ, ಆದ್ದರಿಂದ ಅಲ್ಲಿ ಕಲ್ಪನೆಯ ವಿಜ್ಞಾನವೇನಿದೆ ಎಂದು ಬ್ಯಾಂಕಿನವರು ಕೇಳುತ್ತಾರೆ. ನನ್ನ ಮಟ್ಟಿಗೆ ಅದು ಹೌದು. ಮಂದಣ್ಣನಂಥ ಹಳ್ಳಿಗನ ಕಣ್ಣನ್ನು ಒಬ್ಬ ವಿಜ್ಞಾನಿ ನಂಬುವುದು, ಲಕ್ಷಾಂತರ ವರ್ಷಗಳ ಕಾಲವನ್ನು ಒಂದು ಪುಟ್ಟ ಜೀವಿಯಲ್ಲಿ ಕಾಣುವುದು, ಕೊನೆಗೆ ಕೈಗೆ ಬಂದಂತಿದ್ದದ್ದು ಕಣಿವೆಯೊಳಗೆ ತೇಲಿ ಮರೆಯಾಗುವುದು, ಇವು ನನ್ನಲ್ಲಿ ಎಬ್ಬಿಸುವ ಬೆರಗಿಗೂ ಸೊಲಾರಿಸಿನ ಸಾಗರ ಎಬ್ಬಿಸುವ ಬೆರಗಿಗೂ ಒಳಗೊಳಗೆ ನಂಟಿದೆ. ಕಪಾಟಿನಲ್ಲಿ ಅವೆರಡನ್ನೂ ನಾನು ಪಕ್ಕಪಕ್ಕದಲ್ಲೇ ಇಟ್ಟಿದ್ದೇನೆ.

ಕಳೆದ ದೀಪಾವಳಿಗೆ ಊರಿಗೆ ಹೋದಾಗ ಮಾವನನ್ನು ಅಜ್ಜಿಯ ಬಗ್ಗೆ ಕೇಳಿದೆ. ಇಷ್ಟು ವರ್ಷ ಕೇಳಿರಲಿಲ್ಲ. ಅವರಿಗೆ ನೋವಾಗಬಹುದೆಂಬ ಅಳುಕಿತ್ತು. ಅವರು ಸ್ವಲ್ಪ ಹೊತ್ತು ಯೋಚಿಸಿ, “ನಿನಗೆ ನೆನಪಿಲ್ಲವಾ? ಅದು ನಾನು ಹಾಕಿದ್ದಲ್ಲ. ಅಡಿಕೆ ಸುಲಿಯುತ್ತ ನಮ್ಮ ಅಮ್ಮ ಕೇಳಿದಳು, ‘ಅಲ್ಲ ಮಾರಾಯ, ಆ ಊರಿನಲ್ಲಿ ವಯಸ್ಸಾದ ಹೆಂಗಸರು ಯಾರೂ ಇರಲಿಲ್ಲವಾ?’ ಅಂತ. ಪುಸ್ತಕದಲ್ಲಿ ಇಲ್ಲ ಅನ್ನಲು ನನಗೆ ಮನಸ್ಸಾಗಲಿಲ್ಲ” ಎಂದರು. ನನಗೆ ಆ ಪ್ರಶ್ನೆ ನೆನಪಿರಲಿಲ್ಲ. ಅಮ್ಮಮ್ಮ ತೀರಿಕೊಂಡು ಹನ್ನೆರಡು ವರ್ಷವಾಯಿತು. ಅವಳು ಒಂದೂ ಇಂಗ್ಲಿಷ್ ಅಕ್ಷರ ಓದಿದವಳಲ್ಲ.

ಅದೇ ರಾತ್ರಿ ತಂಗಿಯ ಮಗಳನ್ನು ಅಂಗಳದಲ್ಲಿ ಕೂರಿಸಿಕೊಂಡು ಲಗಾಶಿನ ಕಥೆ ಹೇಳಿದೆ. ಅವಳಿಗೆ ಎಂಟು ವರ್ಷ. ಆರು ಸೂರ್ಯರನ್ನು ಬೆರಳಲ್ಲಿ ಮಡಚಿದಳು, ಊರು ಉರಿದಾಗ ನನ್ನ ತೋಳು ಹಿಡಿದಳು, ಅಜ್ಜಿ ಬಾಗಿಲು ತೆರೆದಾಗ ಬಿಟ್ಟಳು. ಎಣಿಸತೊಡಗಿದಳು ಎಂದು ನಾನು ನಿಲ್ಲಿಸಿದೆ. ಅವಳು ಮೇಲೆ ನೋಡುತ್ತ, “ಮಾವ, ಅಜ್ಜಿ ಒಬ್ಬಳೇ ಇದ್ದಳಾ?” ಎಂದು ಕೇಳಿದಳು. ಇಲ್ಲ, ಒಬ್ಬಳು ಮೊಮ್ಮಗಳಿದ್ದಳು ಎಂದೆ. ಅಜ್ಜಿಗೆ ಎಣಿಕೆ ತಪ್ಪಿದಾಗಲೆಲ್ಲ, ಎಲ್ಲಿಗೆ ನಿಲ್ಲಿಸಿದ್ದಳೆಂದು ಅವಳು ನೆನಪಿಸುತ್ತಿದ್ದಳು.